ಗೆರಿಜ್ಜೀಮ್ ಮತ್ತು ಏಬಾಲ್: ಆಶೀರ್ವಾದದ ಬೆಟ್ಟ, ಶಾಪದ ಬೆಟ್ಟ. ಅಧ್ಯಯನ ಕೂಟದಲ್ಲಿ ಹೇಗೆ ಕಲಿಸಬೇಕು?

ಯುವಕೂಟ_ಕೊಳ್ಳೇಗಾಲ
ಎಲ್ಲರಿಗೂ ವಂದನೆಗಳು. ನಮ್ಮ ಯುವಜನ ಕೂಟದಲ್ಲಿ ಬೈಬಲಿನ ಬೆಟ್ಟಗಳ ಬಗ್ಗೆ ಸರಣಿ ನಡೀತಿದೆ. ಸೀನಾಯಿ, ಕರ್ಮೆಲ್ ಮುಗಿದಿದೆ, ಮುಂದಿನದು ಗೆರಿಜ್ಜೀಮ್. ತಿಳಿದವರು ಮೂರು ವಿಷಯಕ್ಕೆ ಉತ್ತರ ಕೊಟ್ಟರೆ ಉಪಕಾರ. ಒಂದು, ಇದನ್ನು "ಆಶೀರ್ವಾದದ ಬೆಟ್ಟ" ಅಂತ ಹೇಳಿ ಮುಗಿಸಿದರೆ ಸಾಕೇ? ಎರಡು, ಧರ್ಮೋಪದೇಶಕಾಂಡ 27ನ್ನು ಹುಡುಗರಿಂದ ಅಭಿನಯ ಮಾಡಿಸಬೇಕು ಅಂತಿದ್ದೇವೆ, ಹೇಗೆ? ಮೂರು, ಬೆಟ್ಟ ಹತ್ತಿ ಪ್ರಾರ್ಥನೆ ಮಾಡಿದರೆ ಹೆಚ್ಚು ಬಲ ಅನ್ನೋದಕ್ಕೆ ಗೆರಿಜ್ಜೀಮನ್ನೇ ಆಧಾರವಾಗಿ ತೋರಿಸ್ತಾರೆ. ಅದು ಸರಿಯೇ?

ಬೋಧಕ_ಧಾರವಾಡ
ಸಹೋದರರೇ, ಮೊದಲನೇ ಪ್ರಶ್ನೆಗೆ ನೇರ ಉತ್ತರ: ಸಾಲದು. ಗೆರಿಜ್ಜೀಮನ್ನು ಒಂಟಿಯಾಗಿ ತೆಗೆದುಕೊಂಡರೆ ಪಾಠ ಅಲ್ಲೇ ಕೆಡುತ್ತದೆ. ಧರ್ಮೋಪದೇಶಕಾಂಡ 11:29ರಿಂದಲೇ ಅದು ಏಬಾಲಿನ ಜೊತೆ ಜೋಡಿಯಾಗಿ ಬರುತ್ತದೆ. ಆಶೀರ್ವಾದ ಗೆರಿಜ್ಜೀಮಿನ ಮೇಲೆ, ಶಾಪ ಏಬಾಲಿನ ಮೇಲೆ. 27ರಲ್ಲಿ ಇಸ್ರಾಯೇಲಿನ ಹನ್ನೆರಡು ಕುಲಗಳು ಆರಾರಾಗಿ ಈ ಎರಡು ಬೆಟ್ಟಗಳಲ್ಲಿ ನಿಲ್ಲಬೇಕು.

ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನೀವು ಮುಂದೆ ಓದಿ. 27:4-7ರಲ್ಲಿ ಯಜ್ಞವೇದಿ ಎಲ್ಲಿ ಕಟ್ಟಬೇಕು ಅಂತ ಇದೆ? ಏಬಾಲಿನಲ್ಲಿ. ಶಾಪದ ಬೆಟ್ಟದಲ್ಲಿ! ಕಬ್ಬಿಣದ ಉಪಕರಣ ತಾಗಿಸದ ಇಡೀ ಕಲ್ಲುಗಳಿಂದ ವೇದಿ, ಅದರ ಮೇಲೆ ಸರ್ವಾಂಗಹೋಮ ಮತ್ತು ಸಮಾಧಾನಯಜ್ಞ, ಆಮೇಲೆ ಅಲ್ಲೇ ಕೂತು ಊಟ ಮಾಡಿ ಸಂತೋಷಪಡಬೇಕು. ಯೆಹೋಶುವ 8:30-31ರಲ್ಲಿ ಅದೇ ಪ್ರಕಾರ ನಡೆಯುತ್ತದೆ. ದೇವರ ಸನ್ನಿಧಿಯಲ್ಲಿ ಜನ ಉಂಡು ಹರ್ಷಿಸಿದ್ದು ಶಾಪದ ಬೆಟ್ಟದ ಮೇಲೆ.

ಈಗ ನ್ಯಾಯಸ್ಥಾಪಕರು 9ಕ್ಕೆ ಹೋಗಿ. ಗಿದ್ಯೋನನ ಮಗ ಅಬೀಮೆಲೆಕನು ಬಾಳ್‌ಬೆರೀತನ ಗುಡಿಯ 70 ಬೆಳ್ಳಿ ನಾಣ್ಯದಿಂದ ಪುಂಡರನ್ನು ಕೂಲಿಗೆ ಹಿಡಿದು ತನ್ನ ಅಣ್ಣತಮ್ಮಂದಿರನ್ನೇ ಕೊಲ್ಲಿಸುತ್ತಾನೆ. ತಪ್ಪಿಸಿಕೊಂಡ ಯೋತಾಮ ನಿಂತದ್ದು ಗೆರಿಜ್ಜೀಮಿನ ತುದಿಯಲ್ಲಿ. ಎಣ್ಣೆಮರ, ಅಂಜೂರ, ದ್ರಾಕ್ಷಿ ಒಲ್ಲೆವೆಂದ ಅರಸುತನವನ್ನು ಮುಳ್ಳಿನ ಪೊದೆ ಒಪ್ಪಿಕೊಂಡ ಕಥೆಯನ್ನು ಅಲ್ಲಿಂದ ಕೂಗಿ ಹೇಳಿ, ಅಬೀಮೆಲೆಕನನ್ನು ಅರಸನಾಗಿ ಮಾಡಿದ ಶೆಕೆಮ್ ಊರಿನವರ ಮೇಲೆ ಬೆಂಕಿ ಬೀಳಲಿ ಎನ್ನುತ್ತಾನೆ. ಅಧ್ಯಾಯದ ಕೊನೇ ವಚನ ಅದನ್ನು ಯೋತಾಮನ ಶಾಪ ಎಂದೇ ಕರೆಯುತ್ತದೆ.

ಆಶೀರ್ವಾದದ ಬೆಟ್ಟದಿಂದ ಶಾಪ, ಶಾಪದ ಬೆಟ್ಟದಲ್ಲಿ ಯಜ್ಞವೇದಿ. ಕಲ್ಲುಮಣ್ಣಿನಲ್ಲಿ ಯಾವುದೂ ಇಲ್ಲ, ಒಡಂಬಡಿಕೆಗೆ ಜನ ಹೇಗೆ ನಡೆದುಕೊಂಡರು ಅನ್ನೋದರಲ್ಲಿ ಎಲ್ಲ ಇದೆ. ನಿಮ್ಮ ಪಾಠದ ಬೆನ್ನೆಲುಬು ಇದಾಗಲಿ.

ನಕ್ಷೆ_ಆಸಕ್ತ
ನೆಲದ ಚಿತ್ರ ಸರಿಯಾಗಿ ಮನಸ್ಸಿಗೆ ಬರದೆ ಈ ಅಧ್ಯಾಯ ಅರ್ಥವಾಗೋದಿಲ್ಲ, ಹಾಗಾಗಿ ಇದನ್ನು ಸೇರಿಸ್ತೇನೆ.

ಯೆರೂಸಲೇಮಿನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಇವತ್ತಿನ ನಾಬ್ಲುಸ್ ನಗರದ ಎರಡು ಬದಿಗೆ ಈ ಬೆಟ್ಟಗಳಿವೆ. ದಕ್ಷಿಣಕ್ಕೆ ಗೆರಿಜ್ಜೀಮ್, 881 ಮೀಟರ್. ಉತ್ತರಕ್ಕೆ ಏಬಾಲ್, 940 ಮೀಟರ್. ಶಾಪದ ಬೆಟ್ಟವೇ ಎತ್ತರ ಅನ್ನೋದನ್ನು ಗಮನಿಸಿ. ನಡುವೆ ಪೂರ್ವ ಪಶ್ಚಿಮವಾಗಿ ಹೋಗುವ ಕಣಿವೆ. ಹಳೆಯ ಶೆಕೆಮಿನ ಅವಶೇಷ ಕಣಿವೆಯ ಪೂರ್ವದ ಬಾಯಲ್ಲಿದೆ, ಆ ದಿಬ್ಬಕ್ಕೆ ಟೆಲ್ ಬಲಾಟಾ ಅನ್ನುತ್ತಾರೆ. ಯಾಕೋಬನ ಬಾವಿ ಅದರ ಹತ್ತಿರವೇ.

ತುದಿಯಿಂದ ತುದಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಆದ್ದರಿಂದ ಒಂದು ಶಿಖರದಿಂದ ಇನ್ನೊಂದಕ್ಕೆ ಕೂಗಿದರು ಅಂತ ಚಿತ್ರ ಬರೆಯಬೇಡಿ. ಯೆಹೋಶುವ 8:33 ಹೇಳೋದು ಅರ್ಧ ಜನ ಗೆರಿಜ್ಜೀಮಿನ ಕಡೆಗೆ, ಅರ್ಧ ಜನ ಏಬಾಲಿನ ಕಡೆಗೆ, ನಡುವೆ ಒಡಂಬಡಿಕೆಯ ಮಂಜೂಷ (ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ) ಅಂತ. ಬುಡದ ಇಳಿಜಾರುಗಳಲ್ಲಿ ಜನ, ಕಣಿವೆಯಲ್ಲಿ ದೇವರ ಸೇವೆಯ ಕುಲದವರಾದ ಲೇವಿಯರು ಅಂದುಕೊಂಡರೆ ದನಿ ಎರಡೂ ಕಡೆಗೆ ಮುಟ್ಟುತ್ತದೆ. 19ನೇ ಶತಮಾನದ ಪ್ರವಾಸಿಗಳು ಇಲ್ಲಿ ಎದುರುಬದುರು ನಿಂತು ಓದಿ ನೋಡಿ, ಕೇಳಿಸುತ್ತದೆ ಎಂದು ಬರೆದಿದ್ದಾರೆ.

"ಗೆರಿಜ್ಜೀಮ್ ಹಸಿರು, ಏಬಾಲ್ ಬೋಳು, ಅದಕ್ಕೇ ಆಶೀರ್ವಾದ ಮತ್ತು ಶಾಪ" ಅನ್ನೋದು ಪ್ರಸಂಗಗಳಲ್ಲಿ ತುಂಬ ಕೇಳಿಬರುತ್ತದೆ. ಕಣಿವೆಗೆ ಮುಖಮಾಡಿದ ಗೆರಿಜ್ಜೀಮಿನ ಮೈ ಉತ್ತರಕ್ಕಿದೆ, ಬಿಸಿಲು ಕಡಿಮೆ, ತೇವ ಉಳಿಯುತ್ತದೆ. ಏಬಾಲಿನ ಮೈ ದಕ್ಷಿಣಕ್ಕೆ, ಬಿಸಿಲಿಗೆ ಒಣಗುತ್ತದೆ. ಕಣಿವೆಯಲ್ಲಿ ನಿಂತವನಿಗೆ ಹಾಗೆ ಕಾಣೋದು ಸಹಜ. ಆದರೆ ವಾಕ್ಯದಲ್ಲಿ ಎಲ್ಲೂ ಅದನ್ನು ಕಾರಣವಾಗಿ ಕೊಟ್ಟಿಲ್ಲ. ಬಿಸಿಲಿನ ದಿಕ್ಕನ್ನು ದೇವರ ತೀರ್ಪು ಮಾಡಿಬಿಡಬೇಡಿ.

ಸಂಡೇಸ್ಕೂಲ್_ಅಕ್ಕ
ಅಭಿನಯದ ಬಗ್ಗೆ ನಾನು ಹೇಳ್ತೇನೆ. ಮೊದಲು ಜಾಗ. ಓದುವವರು ಪೂರ್ವಕ್ಕೆ ಮುಖಮಾಡಿ ನಡುವೆ ನಿಲ್ಲಲಿ, ಬಲಗಡೆ ಗೆರಿಜ್ಜೀಮ್, ಎಡಗಡೆ ಏಬಾಲ್ ಆಗುತ್ತದೆ. ನಡುವೆ ಮಂಜೂಷಕ್ಕೆ ಒಂದು ಪೆಟ್ಟಿಗೆ.

ಹನ್ನೆರಡು ಚೀಟಿ ಬರೆಯಿರಿ. ಬಲಕ್ಕೆ ಸಿಮೆಯೋನ್, ಲೇವಿ, ಯೆಹೂದ, ಇಸ್ಸಾಕಾರ್, ಯೋಸೇಫ್, ಬೆನ್ಯಾಮೀನ್. ಎಡಕ್ಕೆ ರೂಬೇನ್, ಗಾದ್, ಆಶೇರ್, ಜೆಬುಲೋನ್, ದಾನ್, ನಫ್ತಾಲಿ. ಹೆಚ್ಚಾಗಿ ಎಡವೋದು ಇಲ್ಲೇ: ಅಭ್ಯಾಸಬಲದಿಂದ ಯೋಸೇಫನ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆ ಅಂತ ಬೇರೆ ಬೇರೆ ಬರೆದರೆ ಹದಿಮೂರಾಗುತ್ತದೆ. ಈ ಪಟ್ಟಿಯಲ್ಲಿ ಲೇವಿ ಎಣಿಕೆಗೆ ಬಂದಿದ್ದಾನೆ, ಹಾಗಾಗಿ ಯೋಸೇಫ್ ಒಂದೇ ಚೀಟಿ.

ವೇದಿಯನ್ನು ಎಡಗಡೆ, ಏಬಾಲಿನ ಬದಿಗೇ ಇಡಿ. ಕೆತ್ತಿದ ಇಟ್ಟಿಗೆ, ಸೈಜುಗಲ್ಲು ಬೇಡ, ಹೊಲದಲ್ಲಿ ಸಿಗುವ ಒರಟು ಕಲ್ಲೇ ಸರಿ. ಧರ್ಮಶಾಸ್ತ್ರದ ಮಾತು ಬರೆಯಲು ಬೇರೆ ದೊಡ್ಡ ಕಲ್ಲುಗಳಿಗೆ ಸುಣ್ಣ ಬಳಿಯಬೇಕು (27:2-4). ಸುಟ್ಟ ಸುಣ್ಣದ ಗಟ್ಟಿಯನ್ನು ಮಕ್ಕಳ ಮುಂದೆ ನೀರಿಗೆ ಹಾಕಬೇಡಿ. ಕೊತಕೊತ ಕುದಿದು ಸಿಡಿಯುತ್ತದೆ, ಕೈ ಕಣ್ಣು ಸುಡುತ್ತದೆ. ದೊಡ್ಡವರು ಹಿಂದಿನ ದಿನವೇ ಅರಳಿಸಿಟ್ಟ ಸುಣ್ಣ ಬಳಿದು ಒಣಗಿಸಿರಲಿ. ಹಸಿ ಸುಣ್ಣದ ಮೇಲೆ ಬರೆದರೆ ಅಕ್ಷರ ಹರಡುತ್ತದೆ, ಪೂರ್ತಿ ಒಣಗಿದ ಮೇಲೆ ಕಪ್ಪು ಬಣ್ಣದಿಂದ ಬರೆಸಿ.

ಓದುವಾಗ 27:15ರಿಂದ 26ರವರೆಗೆ ಹನ್ನೆರಡು ಶಾಪ, ಪ್ರತಿಯೊಂದಕ್ಕೂ "ಆಮೆನ್". ಎಡಗಡೆಯ ಮಕ್ಕಳು ಮಾತ್ರ ಹೇಳೋದಲ್ಲ, ಎರಡೂ ಕಡೆಯವರು ಹೇಳಬೇಕು. ವಾಕ್ಯದಲ್ಲಿ ಇರೋದು ಜನರೆಲ್ಲ ಅಂತಲೇ. ಇದನ್ನು ತಪ್ಪಿಸಿದರೆ ಏಬಾಲಿನ ಬದಿಗೆ ನಿಂತ ಮಗುವಿಗೆ "ನಮ್ಮನ್ನು ಶಾಪದ ಗುಂಪಿಗೆ ಹಾಕಿದರು" ಅನ್ನಿಸುತ್ತದೆ. ಚೀಟಿ ಕೊಡುವ ಮೊದಲೇ ಇದನ್ನು ಬಿಡಿಸಿ ಹೇಳಿ.

ಓದುಗ_ರಾಯಚೂರು
ಅಕ್ಕ, ಒಂದು ಅನುಮಾನ. 27:12ರಲ್ಲಿ ಲೇವಿ ಗೆರಿಜ್ಜೀಮಿನ ಮೇಲೆ, 27:14ರಲ್ಲಿ ಲೇವಿಯರು ಎಲ್ಲರಿಗೂ ಕೂಗಿ ಹೇಳಬೇಕು. ಎರಡು ಕಡೆ ಹೇಗೆ ನಿಲ್ಲೋದು? ಮತ್ತೆ, ಶಾಪ ಹನ್ನೆರಡಿದೆ, ಅದಕ್ಕೆ ಎದುರಾಗಿ ಆಶೀರ್ವಾದದ ಪಟ್ಟಿ ಎಲ್ಲಿ?

ಬೋಧಕ_ಧಾರವಾಡ
ಯೆಹೋಶುವ 8:33 ಇದನ್ನು ಬಿಡಿಸುತ್ತದೆ. ಅಲ್ಲಿ ನಡುವೆ ನಿಂತವರು ಮಂಜೂಷ ಹೊತ್ತ ಲೇವಿಯ ಯಾಜಕರು. ಕುಲದ ಉಳಿದವರು ಇಳಿಜಾರಿನಲ್ಲಿ, ಸೇವೆಯಲ್ಲಿದ್ದವರು ಕಣಿವೆಯಲ್ಲಿ. ಅಭಿನಯದಲ್ಲಿ ಲೇವಿ ಚೀಟಿಯವನನ್ನು ಬಲಕ್ಕೇ ನಿಲ್ಲಿಸಿ, ಓದುವ ಇಬ್ಬರನ್ನು ಪೆಟ್ಟಿಗೆಯ ಹತ್ತಿರ ನಿಲ್ಲಿಸಿ.

ಆಶೀರ್ವಾದದ ಪಟ್ಟಿ 27ರಲ್ಲಿ ಇಲ್ಲ. ಆ ಮೌನ ಓದುಗನನ್ನು ತಡೆದು ನಿಲ್ಲಿಸುತ್ತದೆ. 28:3-6ರ ಆಶೀರ್ವಾದಗಳನ್ನು ತಂದು ಸೇರಿಸುವವರಿದ್ದಾರೆ, ಓದಿಗೆ ಅದು ಒಪ್ಪುತ್ತದೆ. ಆದರೆ 28 ಪೂರ್ತಿ ಓದಿಸಲು ಹೋಗಬೇಡಿ. 68 ವಚನ, ಅದರಲ್ಲಿ ಆಶೀರ್ವಾದ ಮೊದಲ 14, ಉಳಿದ 54 ಶಾಪ. ಕೂಟ ಅರ್ಧದಲ್ಲೇ ಬಳಲಿಬಿಡುತ್ತದೆ.

ಹನ್ನೆರಡು ಶಾಪಗಳನ್ನು ಹತ್ತಿರದಿಂದ ನೋಡಿ. ಗುಟ್ಟಾಗಿ ವಿಗ್ರಹ ಇಟ್ಟುಕೊಂಡವನು, ನೆರೆಯವನ ಗಡಿಕಲ್ಲು ಸರಿಸಿದವನು, ಕುರುಡನಿಗೆ ದಾರಿ ತಪ್ಪಿಸಿದವನು, ಪರದೇಶಿ, ತಂದೆಯಿಲ್ಲದವ, ವಿಧವೆಯ ನ್ಯಾಯ ಕೆಡಿಸಿದವನು, ಮರೆಯಲ್ಲಿ ಹೊಡೆದವನು, ಲಂಚ ತೆಗೆದುಕೊಂಡವನು. ಹೆಚ್ಚಿನವು ಸಾಕ್ಷಿ ಸಿಗದ ಪಾಪಗಳು. ರಾತ್ರಿ ಗಡಿಕಲ್ಲನ್ನು ಒಂದು ಮೊಳ ಆಚೆಗೆ ನೆಟ್ಟರೆ ಪಂಚಾಯ್ತಿಗೆ ಗೊತ್ತಾಗೋದಿಲ್ಲ. ಊರಿನ ನ್ಯಾಯ ಮುಟ್ಟದ ಕಡೆ ಜನ ತಾವೇ ಬಾಯಿಬಿಟ್ಟು "ಆಮೆನ್" ಎಂದು ದೇವರ ನ್ಯಾಯಕ್ಕೆ ಒಪ್ಪಿಕೊಳ್ಳುತ್ತಾರೆ. ಹುಡುಗರ ಜೊತೆ ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲಿ. ನಮ್ಮ ಹಳ್ಳಿಗಳಲ್ಲಿ ಗಡಿಕಲ್ಲಿನ ಜಗಳ ಏನೆಂದು ಯಾರಿಗೂ ವಿವರಿಸಬೇಕಿಲ್ಲ.

ಕುಲಗಳ ಹಂಚಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಗೆರಿಜ್ಜೀಮಿನ ಆರೂ ಯಾಕೋಬನ ಹೆಂಡತಿಯರಾದ ಲೇಯ, ರಾಹೇಲರ ಮಕ್ಕಳು. ಏಬಾಲಿನಲ್ಲಿ ದಾಸಿಯರಾದ ಬಿಲ್ಹಾ, ಜಿಲ್ಪಾರ ನಾಲ್ವರು ಮಕ್ಕಳು, ಚೊಚ್ಚಲತನ ಕಳೆದುಕೊಂಡ ರೂಬೇನ್, ಲೇಯಳ ಕೊನೇ ಮಗ ಜೆಬುಲೋನ್. ಮನೆಯಲ್ಲಿ ಕೆಳಗಿನ ಸ್ಥಾನದವರ ಬದಿಯಲ್ಲೇ ವೇದಿ ಬಂತು. ಕಾರಣ ಇದೇ ಅಂತ ವಾಕ್ಯ ಹೇಳೋದಿಲ್ಲ, ಆದರೂ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಧರ್ಮೋಪದೇಶಕಿ_ಮಂಗಳೂರು
ಹೊಸ ಒಡಂಬಡಿಕೆಯ ಕಡೆ ಇನ್ನೂ ಯಾರೂ ಬರಲಿಲ್ಲ, ಬೆಟ್ಟದ ಅರ್ಥ ತುಂಬಿ ಬರೋದೇ ಅಲ್ಲಿ. ಯೊವಾನ್ನ 4 (ನಿಮ್ಮ ಪ್ರತಿಯಲ್ಲಿ ಯೋಹಾನ) ತೆಗೆಯುವ ಮೊದಲು ನಡುವಿನ ಚರಿತ್ರೆ ಸ್ವಲ್ಪ ಬೇಕು.

ಆ ಸೀಮೆಯಲ್ಲಿದ್ದು ಯೆಹೂದ್ಯರಿಂದ ಬೇರೆಯಾಗಿ ದೇವರನ್ನು ಆರಾಧಿಸುತ್ತಿದ್ದ ಸಮಾರ್ಯರು ಗೆರಿಜ್ಜೀಮಿನ ಮೇಲೆ ತಮ್ಮದೇ ಆರಾಧನಾಸ್ಥಳ ಕಟ್ಟಿಕೊಂಡರು. ಇತಿಹಾಸಕಾರ ಯೊಸೇಫಸ್ ಅದನ್ನು ಅಲೆಕ್ಸಾಂಡರನ ಕಾಲಕ್ಕೆ ಹಾಕುತ್ತಾನೆ. ಯಿಟ್ಜಾಕ್ ಮಾಗೆನ್ ನಡೆಸಿದ ಉತ್ಖನನ ಅದನ್ನು ಕ್ರಿ.ಪೂ. 5ನೇ ಶತಮಾನದ ನಡುಭಾಗಕ್ಕೆ ಒಯ್ದಿದೆ. 2 ಮಕ್ಕಬಿಯರು (ಕಥೋಲಿಕ ಬೈಬಲಿನ ಗ್ರಂಥ) 6:2ರಲ್ಲಿ ಗ್ರೀಕ್ ಅರಸ ಅಂತಿಯೋಕನ ಕಾಲದಲ್ಲಿ ಆ ಗುಡಿಗೆ ಗ್ರೀಕರ ಜ್ಯೂಸ್ ದೇವರ ಹೆಸರಿಟ್ಟ ಪ್ರಸಂಗವಿದೆ. ಕೊನೆಗೆ ಯೆಹೂದ್ಯರ ಅಧಿಪತಿಯೂ ಮಹಾಯಾಜಕನೂ ಆಗಿದ್ದ ಯೋಹಾನ ಹಿರ್ಕಾನಸ್ ಅದನ್ನು ಕೆಡವಿಸಿದ. ಅಲ್ಲಿ ಸಿಕ್ಕ ನಾಣ್ಯಗಳ ಪ್ರಕಾರ ಅದು ಕ್ರಿ.ಪೂ. 110ರ ಆಸುಪಾಸು.

ಅಂದರೆ ಸಮಾರ್ಯದ ಹೆಂಗಸು ಯೇಸುಸ್ವಾಮಿಯ ಮುಂದೆ "ನಮ್ಮ ಪಿತೃಗಳು ಈ ಬೆಟ್ಟದಲ್ಲಿ ಆರಾಧಿಸಿದರು" ಎಂದಾಗ ಆ ಗುಡಿ ಬಿದ್ದು ನೂರು ವರ್ಷಕ್ಕೂ ಮೇಲಾಗಿತ್ತು. ಅದನ್ನು ಕೆಡವಿದ್ದು ಸ್ವಾಮಿಯ ಜನರೇ. ಅವರು ಮಾತಾಡಿದ ಯಾಕೋಬನ ಬಾವಿಯ ಬಳಿ ತಲೆಯೆತ್ತಿದರೆ ಕಾಣೋದು ಗೆರಿಜ್ಜೀಮ್. ಬಾವಿಯೂ ಸಾಮಾನ್ಯದ್ದಲ್ಲ, ಸುಮಾರು 40 ಮೀಟರ್ ಆಳ. ಸೇದಲು ಏನೂ ಇಲ್ಲ, ಬಾವಿ ಆಳವಾಗಿದೆ ಎಂದ ಅವಳ ಮಾತು ಇದ್ದದ್ದನ್ನೇ ಹೇಳಿದ್ದು. ಅವಳ ಊರು ಸುಖಾರ್ ಏಬಾಲಿನ ಬುಡದ ಅಸ್ಕರ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಏಬಾಲಿನ ಮಗ್ಗುಲಿಂದ ಕೊಡ ಹೊತ್ತು ಬಂದವಳು ಗೆರಿಜ್ಜೀಮನ್ನು ನೋಡುತ್ತ ಕೇಳುತ್ತಾಳೆ: ಇಲ್ಲಿಯೋ, ಯೆರೂಸಲೇಮಿನಲ್ಲಿಯೋ?

ಉತ್ತರ ಕಲಿಸುವಾಗ 21, 23, 24ನೇ ವಚನ ಓದಿ 22ನ್ನು ಹಾರಿಸುವ ಅಭ್ಯಾಸವಿದೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ಷಣೆ ಯೆಹೂದ್ಯರಿಂದ ಬರುತ್ತದೆ ಎಂದು ಸ್ವಾಮಿ ಅಲ್ಲಿ ನೇರವಾಗಿ ಹೇಳುತ್ತಾರೆ. ಎರಡು ಬೆಟ್ಟಗಳೂ ಒಂದೇ ಎಂಬ ಜಾಣ ಉತ್ತರ ಕೊಡದೆ, ಚರಿತ್ರೆಯಲ್ಲಿ ದೇವರು ಆರಿಸಿಕೊಂಡ ದಾರಿಯನ್ನು ಒಪ್ಪಿಕೊಂಡೇ, ಪಿತನನ್ನು ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ, ಆತ್ಮದಲ್ಲಿಯೂ ಸತ್ಯದಲ್ಲಿಯೂ ಆರಾಧಿಸುವ ಕಾಲ ಬಂದಿದೆ ಅನ್ನುತ್ತಾರೆ. 22 ಬಿಟ್ಟರೆ 23 ತೂಕ ಕಳೆದುಕೊಳ್ಳುತ್ತದೆ.

ಓದುಗ_ರಾಯಚೂರು
ಸಮಾರ್ಯರು ಈಗಲೂ ಇದ್ದಾರಂತೆ, ನಿಜವೇ?

ಧರ್ಮೋಪದೇಶಕಿ_ಮಂಗಳೂರು
ಇದ್ದಾರೆ. ಒಟ್ಟು ಸಾವಿರಕ್ಕಿಂತ ಕಡಿಮೆ ಜನ. ಒಂದು ಗುಂಪು ಗೆರಿಜ್ಜೀಮಿನ ಮೇಲಿನ ಕಿರ್ಯತ್ ಲೂಜಾದಲ್ಲಿ, ಇನ್ನೊಂದು ಟೆಲ್ ಅವೀವ್ ಪಕ್ಕದ ಹೋಲೋನಿನಲ್ಲಿ. ಮೋಶೆಯ ಐದು ಗ್ರಂಥಗಳನ್ನು ಮಾತ್ರ ಶಾಸ್ತ್ರವಾಗಿ ಸ್ವೀಕರಿಸುತ್ತಾರೆ. ಅಬ್ರಹಾಮನು ಇಸಾಕನನ್ನು ಅರ್ಪಿಸಲು ಒಯ್ದದ್ದೂ ಗೆರಿಜ್ಜೀಮಿಗೇ ಎಂಬುದು ಅವರ ನಂಬಿಕೆ.

ಪಸ್ಕವನ್ನು (ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬ) ಪ್ರತಿ ವರ್ಷ ಅಲ್ಲೇ ಆಚರಿಸುತ್ತಾರೆ. ಬಿಳಿ ಬಟ್ಟೆ ತೊಟ್ಟು ಕೂಡುತ್ತಾರೆ, ಹೊತ್ತು ಮುಳುಗುವಾಗ ಕುರಿಗಳನ್ನು ಕೊಯ್ಯುತ್ತಾರೆ. ಇಡೀ ಕುರಿಯನ್ನು ಉದ್ದನೆಯ ಮರದ ಕೋಲಿಗೆ ಚುಚ್ಚಿ, ಮೊದಲೇ ಬೆಂಕಿ ಉರಿಸಿ ಕಾಯಿಸಿದ ಆಳವಾದ ಗುಂಡಿಗೆ ಇಳಿಬಿಟ್ಟು ಬಾಯಿಗೆ ಮಣ್ಣು ಮುಚ್ಚುತ್ತಾರೆ. ಗಾಳಿಯಾಡಿದರೆ ಮಾಂಸ ಹೊತ್ತಿಕೊಳ್ಳುತ್ತದೆ, ಅದಕ್ಕೆ ಹೊಗೆ ಬರುವ ಸಂದುಗಳನ್ನೆಲ್ಲ ಮೆತ್ತುತ್ತಾರೆ. ಕೆಲವು ಗಂಟೆ ಬಿಟ್ಟು ತೆಗೆದು, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿ ಸೊಪ್ಪಿನ ಜೊತೆ ಅವಸರದಲ್ಲಿ ಉಣ್ಣುತ್ತಾರೆ. ಎಲುಬು ಮುರಿಯುವಂತಿಲ್ಲ, ಉಳಿದದ್ದನ್ನು ಸುಡಬೇಕು. ವಿಮೋಚನಕಾಂಡ 12 ಓದಿಸುವಾಗ ಇದನ್ನು ಹೇಳಿ, ಹುಡುಗರಿಗೆ ಅಧ್ಯಾಯ ಕಣ್ಣಿಗೆ ಕಟ್ಟುತ್ತದೆ.

ನಕ್ಷೆ_ಆಸಕ್ತ
ಪ್ರತಿಗಳ ವಿಷಯ ಒಂದಿದೆ, ಕೂಟದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಧರ್ಮೋಪದೇಶಕಾಂಡ 27:4ರಲ್ಲಿ ಸಮಾರ್ಯರ ಪ್ರತಿ ವೇದಿ ಕಟ್ಟಬೇಕಾದ್ದು ಗೆರಿಜ್ಜೀಮಿನಲ್ಲಿ ಅನ್ನುತ್ತದೆ. ನಮ್ಮ ಬೈಬಲುಗಳು ಅನುಸರಿಸುವ ಹೀಬ್ರೂ ಪಾಠದಲ್ಲಿ ಏಬಾಲ್. ಒಂದು ಹಳೆಯ ಲ್ಯಾಟಿನ್ ಪ್ರತಿಯಲ್ಲೂ ಗೆರಿಜ್ಜೀಮ್ ಇರುವುದರಿಂದ, ಅದೇ ಮೂಲಪಾಠ ಇರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಇದನ್ನು ಮುಚ್ಚಿಡಬೇಡಿ, ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಏಬಾಲಿನ "ಯೆಹೋಶುವನ ವೇದಿ" ಬಗ್ಗೆ ಇನ್ನೂ ಎಚ್ಚರ ಬೇಕು. ಆಡಂ ಜೆರ್ಟಲ್ 1980ರ ದಶಕದಲ್ಲಿ ಅಲ್ಲಿ ಅಗೆದು, ಸುಮಾರು 9 ಮೀಟರ್ ಉದ್ದ 7 ಮೀಟರ್ ಅಗಲದ ಕಲ್ಲಿನ ಕಟ್ಟಡ, ಬೂದಿ, ಸುಟ್ಟ ಎಲುಬು ಕಂಡು ಅದನ್ನು ಯೆಹೋಶುವನ ವೇದಿ ಎಂದರು. ಕಾವಲುಗೋಪುರ ಅಥವಾ ತೋಟದ ಮನೆ ಇರಬಹುದು ಎಂದು ಬೇರೆಯವರ ವಾದ. ಅದು ಬೆಟ್ಟದ ಈಶಾನ್ಯದ ಇಳಿಜಾರಿನಲ್ಲಿದೆ, ಅಲ್ಲಿಂದ ಗೆರಿಜ್ಜೀಮ್ ಕಾಣೋದಿಲ್ಲ. ಹಳೆಯ ಶಾಪದ ಬರಹ ಇದೆ ಎಂದು 2022ರಲ್ಲಿ ಸುದ್ದಿಯಾದ ಸೀಸದ "ಶಾಪದ ತಗಡು" ಅದೇ ಅಗೆತದ ಮಣ್ಣುಗುಡ್ಡೆಯಿಂದ ಬಂದದ್ದು. ಅದರಲ್ಲಿ ಅಕ್ಷರಗಳೇ ಇಲ್ಲ, ಮೀನುಬಲೆಯ ಭಾರವಿರಬಹುದು ಎಂಬ ವಿಮರ್ಶೆಗಳು ಬಂದಿವೆ. ವಾಟ್ಸಾಪಿನಲ್ಲಿ ಓಡಾಡುವ ಚಿತ್ರವನ್ನು ಸ್ಲೈಡಿಗೆ ಹಾಕಿ "ಬೈಬಲ್ ಸಾಬೀತಾಯ್ತು" ಅಂದರೆ, ನಾಳೆ ಯಾರೋ ಪ್ರಶ್ನೆ ಎತ್ತಿದಾಗ ಹುಡುಗರ ನಂಬಿಕೆಗೆ ಪೆಟ್ಟು ಬೀಳುತ್ತದೆ.

ತೋರಿಸಲೇಬೇಕೆಂದರೆ ದೇರ್ ಅಲ್ಲಾ ಶಾಸನ ತೋರಿಸಿ. 1967ರಲ್ಲಿ ಜೋರ್ಡಾನಿನಲ್ಲಿ ಸಿಕ್ಕಿತು, ಗಾರೆಯ ಮೇಲೆ ಮಸಿಯಲ್ಲಿ ಬರೆದದ್ದು, ಅರಣ್ಯಕಾಂಡದಲ್ಲಿ ಬರುವ ಬೆಯೋರನ ಮಗ ಬಿಳಾಮನ ಹೆಸರು ಅದರಲ್ಲಿದೆ. ಬಳಿದ ಗೋಡೆಯ ಮೇಲೆ ಉದ್ದ ಬರಹ ಬರೆಯುವ ರೂಢಿ ಆ ಸೀಮೆಯಲ್ಲಿ ಇತ್ತೆಂಬುದಕ್ಕೆ ಅಷ್ಟು ಸಾಕು.

ಸತ್ಯವೇದ_ಓದುಗ
ಶಾಪದ ಬೆಟ್ಟದ ಮೇಲೆ ವೇದಿ ಅಂದಮೇಲೆ ಅದು ನೇರವಾಗಿ ಶಿಲುಬೆಯೇ ಅಲ್ಲವೇ? ಗಲಾತ್ಯ 3:13ರಲ್ಲಿ ಕ್ರಿಸ್ತನು ನಮಗೋಸ್ಕರ ಶಾಪವಾದನು ಅಂತಿದೆ. ಅಲ್ಲಿಗೇ ತಂದು ಮುಗಿಸಬಹುದಲ್ಲ?

ಬೋಧಕ_ಧಾರವಾಡ
ತರಬಹುದು, ಆದರೆ ಮೆಟ್ಟಿಲು ಬಿಡಬೇಡಿ. ಪೌಲನು ಗಲಾತ್ಯ 3:10ರಲ್ಲಿ ಎತ್ತಿಕೊಳ್ಳೋದು ಇದೇ ಏಬಾಲಿನ ಹನ್ನೆರಡನೇ ಶಾಪವನ್ನು, ಧರ್ಮೋಪದೇಶಕಾಂಡ 27:26. ಅದು ನಿಮಗೆ ಗಟ್ಟಿ ಸೇತುವೆ. 3:13ರಲ್ಲಿ ಅವನು ಬಳಸೋದು 21:23, ಮರಕ್ಕೆ ತೂಗುಹಾಕಲ್ಪಟ್ಟವನ ವಿಷಯ. ಎರಡನ್ನೂ ತೆಗೆದು ಓದಿಸಿ. ಏಬಾಲಿನ ವೇದಿಯನ್ನು ಪೌಲನು ಎಲ್ಲೂ ಹೆಸರಿಸಿಲ್ಲ, ಆ ಜೋಡಣೆ ಓದುಗರ ಧ್ಯಾನದಿಂದ ಬಂದದ್ದು ಅಂತ ಹೇಳಿಯೇ ಹೇಳಿ. ಶಾಪ ಸಾರಿದ ಕಡೆಯಲ್ಲೇ ದೇವರು ಸಮಾಧಾನಯಜ್ಞಕ್ಕೆ ಜಾಗ ಕೊಟ್ಟನು ಅನ್ನೋದು ಹಳೇ ಒಡಂಬಡಿಕೆಯ ಮಾತಾಗಿಯೇ ಪೂರ್ಣವಾಗಿದೆ. ಅದನ್ನು ಮೊದಲು ಅಲ್ಲೇ ಕೇಳಿಸಿಕೊಳ್ಳಲಿ.

ಸಂಡೇಸ್ಕೂಲ್_ಅಕ್ಕ
ಮೂರನೇ ಪ್ರಶ್ನೆ ಉಳಿದುಹೋಯ್ತು. ಬೆಟ್ಟದ ಪ್ರಾರ್ಥನೆ ತಪ್ಪೇನಲ್ಲ. ಹನ್ನೆರಡು ಮಂದಿಯನ್ನು ಆರಿಸುವ ಹಿಂದಿನ ರಾತ್ರಿಯೆಲ್ಲ ಯೇಸು ಬೆಟ್ಟದಲ್ಲಿ ಪ್ರಾರ್ಥಿಸಿದರು, ಲೂಕ 6:12. ಆದರೆ ಆಧಾರಕ್ಕೆ ಆ ವಾಕ್ಯ ತೆಗೆದುಕೊಳ್ಳಿ, ಗೆರಿಜ್ಜೀಮನ್ನು ಬೇಡ. ಗೆರಿಜ್ಜೀಮಿನ ಕಥೆ ಬಂದು ಮುಟ್ಟೋದು "ಈ ಬೆಟ್ಟದಲ್ಲೂ ಅಲ್ಲ" ಎಂಬ ಮಾತಿಗೆ. ಅದನ್ನೇ ತಂದು "ಬೆಟ್ಟದ ಮೇಲೆ ಹೆಚ್ಚು ಬಲ" ಅಂದರೆ ವಾಕ್ಯವನ್ನು ತಲೆಕೆಳಗು ಮಾಡಿದ ಹಾಗೆ. ಜನರ ಗದ್ದಲ ತಪ್ಪುತ್ತದೆ, ಮನಸ್ಸು ನಿಲ್ಲುತ್ತದೆ ಅಂತ ಹೋಗಲಿ. ಮಂಡಿನೋವಿನ ಅಜ್ಜಿ ಮನೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಾಡಿದ ಪ್ರಾರ್ಥನೆ ಕಡಿಮೆಯದು ಅನ್ನಿಸುವ ಹಾಗೆ ಮಾತ್ರ ಕಲಿಸಬೇಡಿ. ಮತ್ತಾಯ 6:6 ಅವರಿಗೂ ಇದೆ.

ಯುವಕೂಟ_ಕೊಳ್ಳೇಗಾಲ
ಎಲ್ಲರಿಗೂ ತುಂಬ ಧನ್ಯವಾದ. ನಮಗಿರೋದು ಒಂದೂವರೆ ಗಂಟೆ. ಇಷ್ಟೂ ಹಿಡಿಸುತ್ತದೆಯೇ?

ಬೋಧಕ_ಧಾರವಾಡ
ಒಂದೇ ಕೂಟದಲ್ಲಿ ತುರುಕಬೇಡಿ, ಎರಡು ವಾರ ಮಾಡಿ. ಮೊದಲ ವಾರ ನಕ್ಷೆಗೆ 10 ನಿಮಿಷ, ಅಭಿನಯ ಮತ್ತು ಆಮೆನ್ ಓದಿಗೆ 25, ಹನ್ನೆರಡು ಶಾಪಗಳ ಚರ್ಚೆಗೆ 35, ವೇದಿ ಏಕೆ ಏಬಾಲಿನಲ್ಲಿ ಎಂಬುದಕ್ಕೆ 20. ಎರಡನೇ ವಾರ ಯೋತಾಮನಿಂದ ಶುರುಮಾಡಿ, 20 ನಿಮಿಷ ಸಾಕು. ಸಮಾರ್ಯರ ಚರಿತ್ರೆಗೆ 15. ಉಳಿದದ್ದೆಲ್ಲ ಯೋಹಾನ 4ಕ್ಕೆ, ಗಲಾತ್ಯಕ್ಕೆ ಹೋಗೋದಾದರೆ ಅದರೊಳಗೇ ಕೊನೇ 10 ನಿಮಿಷ. ಅಗೆತದ ವಿಷಯ ಯಾರಾದರೂ ಕೇಳಿದರೆ ಮಾತ್ರ.

ಶಾಪಗಳ ಚರ್ಚೆಯಲ್ಲಿ 27:20-23 ಲೈಂಗಿಕ ಪಾಪಗಳ ವಿಷಯ, ಹೆಚ್ಚಿನವು ಮನೆಯೊಳಗಿನವು. ಕೂಟದಲ್ಲಿ ಚಿಕ್ಕ ವಯಸ್ಸಿನವರಿದ್ದರೆ ಓದಿ ಮುಂದೆ ಹೋಗಿ, ಬಿಡಿಸಿ ಚರ್ಚಿಸಬೇಡಿ. ಆದರೆ ಇಂಥ ಅನ್ಯಾಯ ಅನುಭವಿಸುತ್ತಿರುವ ಹುಡುಗಿ ಅಥವಾ ಹುಡುಗ ಅಲ್ಲೇ ಕೂತಿರಬಹುದು. ಮರೆಯಲ್ಲಿ ನಡೆದದ್ದನ್ನು ದೇವರು ನೋಡಿದ್ದಾನೆ ಎಂಬ ಮಾತು ಅವರ ಕಿವಿಗೆ ಬಿದ್ದ ಮೇಲೆ ಯಾರ ಹತ್ತಿರ ಹೋಗಿ ಹೇಳಬೇಕು ಅನ್ನೋದೂ ತಿಳಿದಿರಬೇಕು. ನಂಬಿಕೆಗೆ ಯೋಗ್ಯರಾದ ಹಿರಿಯ ಸಹೋದರಿಯೊಬ್ಬರನ್ನು ಮೊದಲೇ ಗೊತ್ತುಮಾಡಿ ಅವರ ಹೆಸರನ್ನು ಕೂಟದಲ್ಲಿ ಹೇಳಿ. ಮಕ್ಕಳ ಸಹಾಯವಾಣಿ 1098ನ್ನೂ ಬೋರ್ಡಿನ ಮೇಲೆ ಬರೆದಿಡಿ.